ಸ್ಲೋ ಕುಕ್ಕರಿನಲ್ಲಿ ಸಿಹಿಹುಳಿ ಕೈಮಾ ಉಂಡೆ: ಮಾಡುವ ಕ್ರಮ ಮತ್ತು ಕಾರಣಗಳು

ಸ್ಲೋ ಕುಕ್ಕರ್, ಅಂದರೆ ಮೆದುವಾದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ಕೊಂಡವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಚಿತ್ರ ಒಂದೇ: ಬೆಳಿಗ್ಗೆ ಎಲ್ಲ ಸಾಮಗ್ರಿಗಳನ್ನೂ ಪಾತ್ರೆಗೆ ಸುರಿದು, ಗುಂಡಿ ತಿರುಗಿಸಿ ಕೆಲಸಕ್ಕೆ ಹೊರಟರೆ, ಸಂಜೆ ಮರಳುವ ಹೊತ್ತಿಗೆ ಅಡುಗೆ ತಾನಾಗಿಯೇ ಸಿದ್ಧವಾಗಿರುತ್ತದೆ. ದೊಡ್ಡ ಮಾಂಸದ ತುಂಡುಗಳ ಮಟ್ಟಿಗೆ ಈ ಚಿತ್ರ ಸುಳ್ಳಲ್ಲ. ಭುಜ, ಕಾಲು, ಕುತ್ತಿಗೆಯಂಥ ಭಾಗಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೇರಳವಾಗಿರುತ್ತದೆ. ಅದು ಕರಗಿ ಜೆಲಟಿನ್ ಆಗುವುದಕ್ಕೆ ಗಂಟೆಗಟ್ಟಲೆ ಮೆದುವಾದ ಬಿಸಿ ಬೇಕು, ಮತ್ತು ಆ ಬಿಸಿಯನ್ನು ಬೇಸರವಿಲ್ಲದೆ ಕೊಡುವುದೇ ಈ ಯಂತ್ರದ ಕಸುಬು. ಕೈಮಾದ ವಿಷಯ ಬೇರೆ. ಅದರಲ್ಲಿರುವ ಗಟ್ಟಿ ನಾರನ್ನು ಯಂತ್ರವೋ ಕತ್ತಿಯೋ ಆಗಲೇ ಚೂರುಚೂರು ಮಾಡಿರುವುದರಿಂದ, ಮೆತ್ತಗಾಗಲು ಅದು ಯಾರನ್ನೂ ಕಾಯಬೇಕಾಗಿಲ್ಲ. ಬದಲಿಗೆ ಎಂಟು ಗಂಟೆ ಬೆಂದ ಕೈಮಾ ಉಂಡೆ ತನ್ನ ರಸವನ್ನೆಲ್ಲ ಸಾಸಿಗೆ ಬಿಟ್ಟುಕೊಟ್ಟು, ಒಳಗೆ ಮರಳಿನಂತೆ ಪುಡಿಪುಡಿಯಾಗುತ್ತದೆ.

ಆದ್ದರಿಂದ ಈ ಅಡುಗೆಯಲ್ಲಿ ಕುಕ್ಕರಿನ ಪಾಲನ್ನು ಸರಿಯಾಗಿ ಅರಿತುಕೊಳ್ಳುವುದು ಮೊದಲ ಕೆಲಸ. ಉಂಡೆಗಳನ್ನು ಏಕರೂಪವಾಗಿ ಬೇಯಿಸುವುದು, ಸಾಸಿನ ರುಚಿಯನ್ನು ಅವುಗಳೊಳಗೆ ಇಳಿಸುವುದು, ಬಡಿಸುವವರೆಗೂ ಬಿಸಿಯಾಗಿ ಇಟ್ಟಿರುವುದು, ಈ ಮೂರನ್ನು ಅದು ಚೆನ್ನಾಗಿ ಮಾಡುತ್ತದೆ. ಉಂಡೆಗೆ ಬಣ್ಣ ಕೊಡುವುದು, ಸಾಸನ್ನು ದಪ್ಪಗೊಳಿಸುವುದು, ಹುಳಿಯನ್ನು ಚುರುಕಾಗಿ ಉಳಿಸುವುದು ಅದರಿಂದ ಆಗುವುದಿಲ್ಲ. ಆ ಕೆಲಸಗಳನ್ನು ನಾವು ಮೊದಲಿನ ಮುಕ್ಕಾಲು ಗಂಟೆಯಲ್ಲಿ ಮತ್ತು ಕೊನೆಯ ಮುಕ್ಕಾಲು ಗಂಟೆಯಲ್ಲಿ ನಮ್ಮ ಕೈಯಾರೆ ಮಾಡಬೇಕು. ನಡುವಿನ ಹೊತ್ತಿನಲ್ಲಿ ಮಾತ್ರ ನಿಮಗೆ ಬಿಡುವು.

ಈ ಯಂತ್ರದ ಹುಟ್ಟನ್ನು ನೋಡಿದರೂ ಇದೇ ತಿಳಿಯುತ್ತದೆ. ಅಮೆರಿಕದ ಇರ್ವಿಂಗ್ ನಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪಾತ್ರೆ ಮುಂದೆ ‘ನಾಕ್ಸನ್ ಬೀನರಿ’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಹೆಸರೇ ಹೇಳುವಂತೆ ಅದು ಕಾಳು ಬೇಯಿಸುವ ಪಾತ್ರೆ. ರೈವಲ್ ಕಂಪನಿ ನಾಕ್ಸನ್ನರ ಉದ್ಯಮವನ್ನು ಕೊಂಡು, ಪಾತ್ರೆಯ ರೂಪವನ್ನು ತಿದ್ದಿ, 1971ರಲ್ಲಿ ‘ಕ್ರಾಕ್‌ಪಾಟ್’ ಎಂಬ ಹೆಸರಿಟ್ಟ ಮೇಲೆ ಅದು ಮನೆಮನೆಗೂ ತಲುಪಿತು. ಒಣ ಕಾಳಿಗೆಂದು ಯೋಚಿಸಿದ ಪಾತ್ರೆಯಲ್ಲಿ ಕೈಮಾ ಬೇಯಿಸಲು ಹೊರಟಾಗ ಗಡಿಯಾರವನ್ನು ನಾವೇ ತಿದ್ದಿಕೊಳ್ಳಬೇಕಾಗುತ್ತದೆ.

ಬೇಕಾಗುವ ಸಾಮಗ್ರಿ

ಇಲ್ಲಿ ಕೊಟ್ಟಿರುವ ಅಳತೆ ನಾಲ್ಕೂವರೆಯಿಂದ ಐದು ಲೀಟರಿನ ಕುಕ್ಕರಿಗೆ ಹೊಂದುತ್ತದೆ. ಸುಮಾರು 40 ಉಂಡೆಗಳಾಗುತ್ತವೆ, ಊಟಕ್ಕಾದರೆ ಎಂಟು ಜನರಿಗೆ ಸಾಕು. ದೊಡ್ಡ ಚಮಚ ಎಂದರೆ 15 ಮಿಲಿಲೀಟರ್, ಚಿಕ್ಕ ಚಮಚ ಎಂದರೆ 5 ಮಿಲಿಲೀಟರ್ ಎಂದು ಹಿಡಿಯಬೇಕು.

ಉಂಡೆಗೆ ಒಂದು ಕಿಲೋ ಕೈಮಾ, ಅಂಚು ತೆಗೆದ ಬಿಳಿ ಬ್ರೆಡ್ 80 ಗ್ರಾಂ, ಹಾಲು 120 ಮಿಲಿಲೀಟರ್, ಮೊಟ್ಟೆ ಎರಡು, ತುರಿದ ಅಥವಾ ತೀರ ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು, ಕಾಳುಮೆಣಸಿನ ಪುಡಿ ಒಂದು ಚಿಕ್ಕ ಚಮಚ, ಪುಡಿ ಉಪ್ಪು 10 ಗ್ರಾಂ, ಅಂದರೆ ಒಂದೂವರೆ ಚಿಕ್ಕ ಚಮಚಕ್ಕಿಂತ ತುಸು ಹೆಚ್ಚು. ಉಪ್ಪು ಕಡಿಮೆಯಾಯಿತೆಂದು ಅನ್ನಿಸಬಹುದು. ಸೋಯಾ ಸಾಸಿನಲ್ಲಿಯೂ ಕೆಚಪ್ಪಿನಲ್ಲಿಯೂ ಸಾಕಷ್ಟು ಉಪ್ಪಿದೆ ಎಂಬುದನ್ನು ನೆನಪಿಟ್ಟರೆ ಆ ಅನುಮಾನ ಉಳಿಯದು.

ಸಾಸಿಗೆ ಟೊಮೇಟೊ ಕೆಚಪ್ 250 ಗ್ರಾಂ, ಕಂದು ಸಕ್ಕರೆ 100 ಗ್ರಾಂ, ವಿನೆಗರ್ 100 ಮಿಲಿಲೀಟರ್, ಸೋಯಾ ಸಾಸ್ ಮೂರು ದೊಡ್ಡ ಚಮಚ, ತನ್ನದೇ ರಸದಲ್ಲಿರುವ ಡಬ್ಬಿ ಅನಾನಸ್ ಸುಮಾರು 430 ಗ್ರಾಮಿನದು ಒಂದು, ತುರಿದ ಶುಂಠಿ ಒಂದು ದೊಡ್ಡ ಚಮಚ, ಬೆಳ್ಳುಳ್ಳಿ ಮೂರು ನಾಲ್ಕು ಎಸಳು, ಇಷ್ಟವಿದ್ದರೆ ಅರ್ಧ ಚಿಕ್ಕ ಚಮಚ ಒಣ ಮೆಣಸಿನ ತರಿ. ಕೊನೆಯಲ್ಲಿ ಸೇರಿಸಲು ಎರಡು ದೊಣ್ಣೆ ಮೆಣಸಿನಕಾಯಿ, ಒಂದು ಈರುಳ್ಳಿ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಬೇಕು. ನೀರನ್ನು ಈ ಪಟ್ಟಿಯಿಂದ ಬೇಕೆಂದೇ ಬಿಟ್ಟಿದ್ದೇನೆ. ಮುಚ್ಚಳ ಹಾಕಿದ ಸ್ಲೋ ಕುಕ್ಕರಿನಿಂದ ಆವಿ ಹೊರಗೆ ಹೋಗುವುದು ತೀರ ಕಡಿಮೆ. ಮೇಲೇರಿದ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಕೆಳಗಿಳಿಯುತ್ತದೆ. ಅದರ ಜೊತೆಗೆ ಮಾಂಸವೂ ರಸ ಬಿಡುತ್ತದೆ. ಒಲೆಯ ಮೇಲಿನ ಅಡುಗೆಯ ಅಂದಾಜಿನಲ್ಲಿ ಇಲ್ಲಿ ಒಂದು ಲೋಟ ನೀರು ಸುರಿದವರು ಕೊನೆಗೆ ಉಂಡೆಗಳನ್ನು ಸಾರಿನಲ್ಲಿ ತೇಲಿಸಿದಂತಾಗುತ್ತದೆ.

ಮಾಂಸ ಯಾವುದಾದರೂ ಆಗಬಹುದು. ದನ, ಹಂದಿ, ಕುರಿ, ಕೋಳಿ ಎಲ್ಲವೂ ಈ ಸಾಸಿಗೆ ಒಗ್ಗುತ್ತವೆ. ಗಮನಿಸಬೇಕಾದದ್ದು ಕೊಬ್ಬಿನ ಪ್ರಮಾಣವನ್ನು. ನೂರಕ್ಕೆ 15ರಿಂದ 20ರಷ್ಟು ಕೊಬ್ಬಿದ್ದರೆ ಉಂಡೆ ರಸಭರಿತವಾಗಿಯೂ ಉಳಿಯುತ್ತದೆ, ಸಾಸಿನ ಮೇಲೆ ಎಣ್ಣೆಯ ಪದರವೂ ಹೆಚ್ಚಾಗುವುದಿಲ್ಲ. ಕೋಳಿಯ ಎದೆಭಾಗದ ಕೈಮಾದಲ್ಲಿ ಕೊಬ್ಬು ತೀರ ಕಡಿಮೆ ಇರುವುದರಿಂದ, ಅದನ್ನೇ ಬಳಸುವುದಾದರೆ ಎರಡು ದೊಡ್ಡ ಚಮಚ ಎಣ್ಣೆ ಸೇರಿಸುವುದು ಒಳ್ಳೆಯದು.

ಮಿಶ್ರಣ: ಬ್ರೆಡ್ಡಿನ ಕೆಲಸ, ಕೈಯ ಸಂಯಮ

ಬ್ರೆಡ್ಡನ್ನು ಚೂರು ಮಾಡಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಕಿವುಚಿ, ಗಂಟಿಲ್ಲದ ಮುದ್ದೆಯಾಗಿಸಿಕೊಳ್ಳಿ. ಇದು ಮಾಂಸವನ್ನು ಉಳಿಸಲು ಹಾಕುವ ತುಂಬುವಸ್ತು ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ, ಬಿಡಬಾರದು. ಬಿಸಿ ತಾಗಿದಾಗ ಮಾಂಸದ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಕುಗ್ಗಿ, ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ನೆನೆದ ಬ್ರೆಡ್ಡಿನ ಪಿಷ್ಟ ಅವುಗಳ ನಡುವೆ ಕುಳಿತು ಆ ಹೆಣಿಗೆಯನ್ನು ಸಡಿಲಗೊಳಿಸುತ್ತದೆ, ಹೊರಬಂದ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಾಣಲೆಯಲ್ಲಿ ಹತ್ತು ನಿಮಿಷದಲ್ಲಿ ಬೇಯುವ ಉಂಡೆಗೆ ಇದು ಅಷ್ಟೊಂದು ಮುಖ್ಯವಲ್ಲದಿರಬಹುದು, ಆದರೆ ಎರಡು ಮೂರು ಗಂಟೆ ಬಿಸಿಯಲ್ಲಿ ಕೂರಬೇಕಾದ ಉಂಡೆಗೆ ಇದೇ ರಕ್ಷೆ. ಒಣ ಬ್ರೆಡ್ ಪುಡಿಯನ್ನು ಹಾಗೆಯೇ ಹಾಕಿದರೆ ಅದು ಹಾಲಿನ ಬದಲು ಮಾಂಸದ ರಸವನ್ನೇ ಹೀರುವುದರಿಂದ, ಪುಡಿಯನ್ನು ಬಳಸುವವರೂ ಮೊದಲು ಹಾಲಿನಲ್ಲಿ ನೆನೆಸಿಕೊಳ್ಳಬೇಕು.

ಈ ಮುದ್ದೆಗೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು ಸೇರಿಸಿ ಮೊದಲೇ ಕದಡಿಕೊಳ್ಳಿ. ಕೈಮಾವನ್ನು ಕೊನೆಯಲ್ಲಿ ಹಾಕಿ. ಹೀಗೆ ಮಾಡಿದರೆ ಕೈಮಾವನ್ನು ಹೆಚ್ಚು ಹೊತ್ತು ಕಲಸಬೇಕಾದ ಪ್ರಮೇಯ ಬರುವುದಿಲ್ಲ. ಉಪ್ಪು ತಾಗಿದ ಮಾಂಸವನ್ನು ನಾದಿದಷ್ಟೂ ಅದರ ಪ್ರೋಟೀನು ಕರಗಿ ಅಂಟಾಗುತ್ತದೆ. ಸ್ವಲ್ಪ ಅಂಟು ಬೇಕು, ಇಲ್ಲವಾದರೆ ಉಂಡೆ ಒಡೆಯುತ್ತದೆ. ಹೆಚ್ಚಾದರೆ ಬೆಂದ ಮೇಲೆ ರಬ್ಬರಿನಂತೆ ಪುಟಿಯುತ್ತದೆ. ಬಿಡಿಸಿದ ಬೆರಳುಗಳಿಂದ ಒಂದು ನಿಮಿಷ ಮೇಲೆಕೆಳಗೆ ಮಾಡಿ, ಬಿಳಿ ಬ್ರೆಡ್ಡಿನ ಗೆರೆಗಳು ಕಾಣದಂತಾದ ಕೂಡಲೇ ಕೈ ತೆಗೆಯಿರಿ. ಕಣಕ ನಾದಿ ರೂಢಿಯಾದ ಕೈಗೆ ಇದು ಕಷ್ಟವೇ.

ಮಿಶ್ರಣವನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟರೆ ಕೊಬ್ಬು ಗಟ್ಟಿಯಾಗಿ ಉಂಡೆ ಕಟ್ಟುವುದು ಸುಲಭವಾಗುತ್ತದೆ. ಉಪ್ಪು ಸರಿಯಾಗಿದೆಯೇ ಎಂದು ನೋಡಲು ಹಸಿ ಮಿಶ್ರಣವನ್ನು ನಾಲಗೆಗೆ ಹಚ್ಚಬೇಡಿ. ನೆಲ್ಲಿಕಾಯಿಯಷ್ಟನ್ನು ತಟ್ಟಿ ಬಾಣಲೆಯಲ್ಲಿ ಬೇಯಿಸಿ ರುಚಿ ನೋಡಿ. ಬಳಿಕ ಕೈಗೆ ತಣ್ಣೀರು ಸವರಿಕೊಂಡು, 35 ಗ್ರಾಮಿನಷ್ಟು ತೆಗೆದು, ಒತ್ತಿ ಹಿಸುಕದೆ ಹಗುರವಾಗಿ ಉರುಟು ಮಾಡಿ. ಇಷ್ಟು ತೂಕದ ಉಂಡೆ ಅಡ್ಡಳತೆಯಲ್ಲಿ ಸುಮಾರು 4 ಸೆಂಟಿಮೀಟರ್ ಇರುತ್ತದೆ. ಗಾತ್ರ ಒಂದೇ ಸಮವಾಗಿರುವುದು ಅಂದಕ್ಕಷ್ಟೇ ಅಲ್ಲ: ಒಂದು ಉಂಡೆ 30 ಗ್ರಾಂ, ಇನ್ನೊಂದು 60 ಗ್ರಾಂ ಇದ್ದರೆ ದೊಡ್ಡದರ ನಡುಭಾಗ ಬೇಯುವ ಹೊತ್ತಿಗೆ ಚಿಕ್ಕದು ಒಣಗಿಹೋಗಿರುತ್ತದೆ. ತಕ್ಕಡಿ ಇದ್ದರೆ ಮೊದಲ ಒಂದೆರಡನ್ನು ತೂಗಿ ಕಣ್ಣಳತೆ ಮಾಡಿಕೊಳ್ಳಬಹುದು.

ಬಣ್ಣ ಕೊಡುವುದು

ಹಸಿ ಉಂಡೆಯನ್ನು ನೇರವಾಗಿ ಸಾಸಿಗೆ ಇಳಿಸಿದರೂ ಅದು ಬೇಯುತ್ತದೆ, ತಿನ್ನಲೂ ಬರುತ್ತದೆ. ಆದರೆ ಅದರ ಬಣ್ಣ ಬೂದು, ಮೈ ಮೆತ್ತಗೆ, ರುಚಿ ಬೇಯಿಸಿದ ಮಾಂಸದ್ದಷ್ಟೇ. ಹುರಿದ ಮಾಂಸದ ಘಮಕ್ಕೆ ಕಾರಣವಾದ ಮೇಯಾರ್ ಕ್ರಿಯೆ ಚುರುಕಾಗಿ ನಡೆಯಬೇಕಾದರೆ ಮೇಲ್ಮೈಯ ಉಷ್ಣತೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕುಕ್ಕರಿನೊಳಗಿನ ದ್ರವ 100 ಡಿಗ್ರಿಯನ್ನು ಮೀರುವುದೇ ಇಲ್ಲ. ಹೀಗಿರುವಾಗ ಹತ್ತು ಗಂಟೆ ಇಟ್ಟರೂ ಅದು ಆ ಕೆಲಸ ಮಾಡಲಾರದು.

ಇದಕ್ಕೆ ನಾನು ಬಾಣಲೆಗಿಂತ ಓವನ್ನನ್ನೇ ಮೆಚ್ಚುತ್ತೇನೆ. 220 ಡಿಗ್ರಿಗೆ ಕಾಯಿಸಿಟ್ಟ ಓವನ್ನಿನಲ್ಲಿ, ಎಣ್ಣೆ ಸವರಿದ ಟ್ರೇಯ ಮೇಲೆ ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಹರಡಿ 12ರಿಂದ 15 ನಿಮಿಷ ಬಿಟ್ಟರೆ, ನಲವತ್ತೂ ಏಕಕಾಲಕ್ಕೆ ಕೆಂಪಾಗುತ್ತವೆ, ಉರುಟು ಕೆಡುವುದಿಲ್ಲ, ಹೆಚ್ಚುವರಿ ಕೊಬ್ಬು ಟ್ರೇಯಲ್ಲಿಯೇ ಉಳಿಯುತ್ತದೆ. ಓವನ್ ಇಲ್ಲದವರು ಅಗಲವಾದ ದಪ್ಪ ತಳದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹತ್ತು ಹನ್ನೆರಡರಂತೆ ಮೂರು ನಾಲ್ಕು ಕಂತಿನಲ್ಲಿ ಹುರಿಯಬಹುದು. ಒಟ್ಟಿಗೆ ತುಂಬಿದರೆ ಬಾಣಲೆ ತಣ್ಣಗಾಗಿ, ಉಂಡೆಗಳು ಹುರಿಯುವ ಬದಲು ತಮ್ಮದೇ ನೀರಿನಲ್ಲಿ ಬೇಯತೊಡಗುತ್ತವೆ. ಬಾಣಲೆಯ ದಾರಿಗೆ ಒಂದು ಲಾಭವಿದೆ: ತಳಕ್ಕೆ ಹತ್ತಿದ ಕಂದು ಪದರವನ್ನು ಅನಾನಸ್ ರಸ ಹಾಕಿ ಕೆರೆದು ಬಿಡಿಸಿಕೊಂಡರೆ ಅದು ಸಾಸಿಗೆ ಬಹಳ ರುಚಿ ಕೊಡುತ್ತದೆ.

ಇಲ್ಲಿ ಉಂಡೆ ಪೂರ್ತಿ ಬೇಯಬೇಕಾಗಿಲ್ಲ, ಮೈ ಕೆಂಪಾದರೆ ಸಾಕು. ಆದರೆ ಅರೆಬೆಂದ ಉಂಡೆಗಳನ್ನು ಎತ್ತಿಟ್ಟು, ಮಾರನೆಯ ದಿನ ಕುಕ್ಕರಿಗೆ ಹಾಕೋಣವೆಂದು ಬಿಡುವುದು ಅಪಾಯಕರ. ಕೈಮಾದಲ್ಲಿ ಹೊರಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆತಿರುತ್ತದೆ. ಅರೆಬರೆ ಬಿಸಿ ಅದನ್ನು ಕೊಲ್ಲದೆ ಬೆಳೆಸುತ್ತದೆ. ಬಣ್ಣ ಬಂದ ಕೂಡಲೇ ಉಂಡೆಗಳು ಕುಕ್ಕರಿಗೆ ಹೋಗಬೇಕು.

ಸಾಸ್, ಮತ್ತು ಅನಾನಸಿನ ಬಗ್ಗೆ ಒಂದು ಎಚ್ಚರಿಕೆ

ಡಬ್ಬಿಯ ಅನಾನಸನ್ನು ಸೋಸಿ, ಹೋಳುಗಳನ್ನು ಬೇರೆ ಇಟ್ಟು, ರಸವನ್ನು ಚಿಕ್ಕ ಪಾತ್ರೆಗೆ ಸುರಿಯಿರಿ. ಅದಕ್ಕೆ ಕೆಚಪ್, ಸಕ್ಕರೆ, ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ, ಮೆಣಸಿನ ತರಿ ಮತ್ತು ವಿನೆಗರಿನಲ್ಲಿ ಮುಕ್ಕಾಲು ಪಾಲನ್ನು, ಅಂದರೆ 75 ಮಿಲಿಲೀಟರಿನಷ್ಟನ್ನು ಸೇರಿಸಿ ಒಲೆಯ ಮೇಲಿಟ್ಟು, ಸಕ್ಕರೆ ಕರಗಿ ಒಂದು ಕುದಿ ಬರುವವರೆಗೆ ಕಾಯಿಸಿ. ಉಳಿದ 25 ಮಿಲಿಲೀಟರ್ ವಿನೆಗರನ್ನು ಕೊನೆಗೆಂದು ಎತ್ತಿಡಿ. ಸಾಸನ್ನು ಮೊದಲೇ ಕುದಿಸುವುದು ವ್ಯರ್ಥ ಕೆಲಸದಂತೆ ಕಂಡರೂ ಅದಕ್ಕೆ ಬಲವಾದ ಕಾರಣವಿದೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಸಾಸನ್ನು ಸುರಿದರೆ ಕುಕ್ಕರ್ ಆ ವಲಯವನ್ನು ದಾಟಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಕುದಿಯುವ ಸಾಸ್ ಸುರಿದರೆ ಆ ಹೊತ್ತು ಬಹುಮಟ್ಟಿಗೆ ಉಳಿತಾಯವಾಗುತ್ತದೆ. ಆದರೆ ಕುಕ್ಕರಿನ ಪಿಂಗಾಣಿ ಪಾತ್ರೆ ಫ್ರಿಜ್ಜಿನಿಂದ ಆಗ ತಾನೇ ಹೊರಬಂದಿದ್ದರೆ ಅದಕ್ಕೆ ಕುದಿಯುವುದನ್ನು ಸುರಿಯಬೇಡಿ, ಸೀಳಿಬಿಡುತ್ತದೆ. ಖಾಲಿ ಪಾತ್ರೆ ಕೋಣೆಯ ಉಷ್ಣತೆಯಲ್ಲಿರಲಿ, ಸುರಿಯುವ ಮೊದಲು ಬಿಸಿನೀರಿನಲ್ಲಿ ಒಮ್ಮೆ ತೊಳೆದುಕೊಂಡರೆ ಇನ್ನೂ ಒಳ್ಳೆಯದು.

ಡಬ್ಬಿಯದೇ ಅನಾನಸ್ ಏಕೆ, ತಾಜಾ ಹಣ್ಣು ಮೇಲಲ್ಲವೇ ಎಂದು ಕೇಳಬಹುದು. ನಾನೂ ಹಾಗೆಯೇ ಯೋಚಿಸಿ ಒಮ್ಮೆ ಒಳ್ಳೆಯ ತಾಜಾ ಹಣ್ಣನ್ನು ಹೆಚ್ಚಿ ಉಂಡೆಗಳ ಜೊತೆಯಲ್ಲಿಯೇ ಹಾಕಿದ್ದೆ. ಮೂರು ಗಂಟೆಯ ನಂತರ ಮುಚ್ಚಳ ತೆಗೆದಾಗ ಉಂಡೆಗಳ ಹೊರಮೈ ಲೇಹ್ಯದಂತಾಗಿತ್ತು. ಚಮಚ ತಾಗಿಸಿದರೆ ಕುಸಿಯುತ್ತಿದ್ದವು. ತಾಜಾ ಅನಾನಸಿನಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಬಿರುಸಾದ ಬಿಸಿಯಲ್ಲಿ ಅದು ಬೇಗ ನಿಷ್ಕ್ರಿಯವಾಗುವುದರಿಂದ ಬಾಣಲೆಯ ಅಡುಗೆಯಲ್ಲಿ ತೊಂದರೆ ಗೊತ್ತಾಗುವುದಿಲ್ಲ. ಸ್ಲೋ ಕುಕ್ಕರ್ ಮಾತ್ರ ಬೆಚ್ಚಗಿನ ಉಷ್ಣತೆಯನ್ನು ಮೆಲ್ಲಗೆ ದಾಟುತ್ತಾ, ಆ ಕಿಣ್ವಕ್ಕೆ ಬೇಕಾದ ಸಮಯವನ್ನೂ ಹಿತವಾದ ಬಿಸಿಯನ್ನೂ ಒದಗಿಸಿಕೊಡುತ್ತದೆ. ಡಬ್ಬಿಗೆ ತುಂಬುವಾಗ ಹಣ್ಣನ್ನು ಬಿಸಿ ಮಾಡಿರುವುದರಿಂದ ಅದರಲ್ಲಿ ಈ ಕಿಣ್ವದ ಕಾಟವಿಲ್ಲ. ತಾಜಾ ಹಣ್ಣೇ ಬೇಕೆನ್ನುವವರು ಹೋಳುಗಳನ್ನೂ ರಸವನ್ನೂ ಐದು ನಿಮಿಷ ಚೆನ್ನಾಗಿ ಕುದಿಸಿಕೊಂಡು ಬಳಸಬೇಕು.

ಇನ್ನೊಂದು ಸಣ್ಣ ವಿಷಯ. ಬೆಳ್ಳುಳ್ಳಿ ಹುಳಿಯಲ್ಲಿ ಕೂತಾಗ ಕೆಲವೊಮ್ಮೆ ಹಸಿರು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದು ಕೆಟ್ಟಿತೆಂದು ಅರ್ಥವಲ್ಲ. ಅದರಲ್ಲಿರುವ ಗಂಧಕದ ಸಂಯುಕ್ತಗಳು ಹುಳಿಯ ಸಂಪರ್ಕದಲ್ಲಿ ಹೀಗೆ ಬಣ್ಣ ಕೊಡುತ್ತವೆ. ಕೆಂಪು ಸಾಸಿನಲ್ಲಿ ಅದು ಕಣ್ಣಿಗೆ ಬೀಳುವುದೂ ಅಪರೂಪ.

ಅಮೆರಿಕದಲ್ಲಿ ಪಾರ್ಟಿಗಳಿಗೆ ಮಾಡುವ ಪ್ರಸಿದ್ಧ ಸುಲಭ ರೂಪವೊಂದಿದೆ: ದ್ರಾಕ್ಷಿ ಜೆಲ್ಲಿ ಒಂದು ಸೀಸೆ, ಅಲ್ಲಿ ಚಿಲ್ಲಿ ಸಾಸ್ ಎಂದು ಕರೆಯುವ ಮಸಾಲೆ ಬೆರೆತ ಟೊಮೇಟೊ ಸಾಸ್ ಒಂದು ಸೀಸೆ, ಅಷ್ಟನ್ನೇ ಉಂಡೆಗಳ ಮೇಲೆ ಸುರಿಯುವುದು. ಕೇಳಲು ವಿಚಿತ್ರವೆನಿಸಿದರೂ ಸಿಹಿ, ಹುಳಿ, ಹೊಳಪು ಮೂರೂ ಅದರಲ್ಲಿ ಸಿಗುತ್ತವೆ. ನನ್ನ ನಾಲಗೆಗೆ ಅದು ತೀರ ಸಿಹಿ. ಅವಸರದಲ್ಲಿದ್ದವರು ಆ ದಾರಿಯನ್ನು ಹಿಡಿಯುವುದಾದರೆ ಎರಡು ದೊಡ್ಡ ಚಮಚ ವಿನೆಗರನ್ನಾದರೂ ಸೇರಿಸಿಕೊಳ್ಳಲಿ.

ಕುಕ್ಕರಿನಲ್ಲಿ ಬೇಯಿಸುವುದು

ಪಾತ್ರೆಯ ತಳಕ್ಕೆ ಒಂದು ಸೌಟು ಬಿಸಿ ಸಾಸ್ ಹರಡಿ, ಕೆಂಪಾದ ಉಂಡೆಗಳನ್ನು ಎರಡು ಪದರವಾಗಿ ಜೋಡಿಸಿ, ಉಳಿದ ಸಾಸನ್ನು ಮೇಲಿನಿಂದ ಸುರಿಯಿರಿ. ಎಲ್ಲ ಉಂಡೆಗಳೂ ಮುಳುಗಬೇಕಾಗಿಲ್ಲ, ಏಕೆಂದರೆ ಅವು ಬಿಡುವ ರಸದಿಂದ ಸಾಸಿನ ಮಟ್ಟ ತಾನಾಗಿ ಏರುತ್ತದೆ. ಪಾತ್ರೆ ಅರ್ಧದಿಂದ ಮೂರನೆಯ ಎರಡು ಭಾಗದವರೆಗೆ ತುಂಬಿದ್ದರೆ ಬಿಸಿ ಸರಿಯಾಗಿ ಹಬ್ಬುತ್ತದೆ. ದೊಡ್ಡ ಕುಕ್ಕರಿನಲ್ಲಿ ಅರ್ಧ ಕಿಲೋ ಮಾಂಸದ ಉಂಡೆಗಳನ್ನು ಹಾಕಿದರೆ ತೆಳುವಾಗಿ ಹರಡಿದ ಸಿಹಿ ಸಾಸ್ ಅಂಚಿನಲ್ಲಿ ಸೀದು ಕಪ್ಪಾಗುತ್ತದೆ.

ಬಣ್ಣ ಕೊಟ್ಟ ಉಂಡೆಗಳಿಗೆ ‘ಹೈ’ನಲ್ಲಿ ಎರಡರಿಂದ ಎರಡೂವರೆ ಗಂಟೆ, ‘ಲೋ’ನಲ್ಲಿ ನಾಲ್ಕು ಗಂಟೆ ಸಾಕಾಗುತ್ತದೆ. ಈ ಎರಡು ಗುರುತುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ‘ಲೋ’ ಎಂದರೆ ಕಡಿಮೆ ಉಷ್ಣತೆ, ಆದ್ದರಿಂದ ಎಷ್ಟು ಹೊತ್ತು ಇಟ್ಟರೂ ಹಾನಿಯಿಲ್ಲ ಎಂದು ಜನ ಭಾವಿಸುತ್ತಾರೆ. ಅನೇಕ ಕುಕ್ಕರುಗಳಲ್ಲಿ ಎರಡೂ ಗುರುತುಗಳು ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು, ಅಂದರೆ ಕುದಿಬಿಂದುವಿಗೆ ತುಸು ಕೆಳಗಿನ ಮಟ್ಟವನ್ನು. ವ್ಯತ್ಯಾಸವಿರುವುದು ಅಲ್ಲಿಗೆ ತಲುಪುವ ವೇಗದಲ್ಲಿ. ಹಾಗಾಗಿ ‘ಲೋ’ನಲ್ಲಿ ಒಂಬತ್ತು ಗಂಟೆ ಬಿಟ್ಟುಹೋದ ಉಂಡೆ ಮೆದುವಾಗಿ ಉಳಿದೀತೆಂದು ನಂಬುವಂತಿಲ್ಲ. ಇಡೀ ದಿನ ಹೊರಗಿರುವವರು ಈ ಅಡುಗೆಯನ್ನು ರಜಾದಿನಕ್ಕೆ ಇಟ್ಟುಕೊಳ್ಳುವುದೇ ಲೇಸು, ಅಥವಾ ತಾನಾಗಿ ‘ವಾರ್ಮ್’ಗೆ ತಿರುಗುವ ಟೈಮರ್ ಇರುವ ಕುಕ್ಕರನ್ನು ಬಳಸಬೇಕು. ಬೇಯಿಸುವುದನ್ನು ತಡವಾಗಿ ಶುರುಮಾಡಿಸುವ ಟೈಮರಿನ ಮಾತೇ ಬೇರೆ. ಹಸಿ ಅಥವಾ ಅರೆಬೆಂದ ಮಾಂಸವನ್ನು ಗಂಟೆಗಟ್ಟಲೆ ತಣ್ಣನೆಯ ಕುಕ್ಕರಿನಲ್ಲಿ ಕೂರಿಸುವ ಆ ಸೌಲಭ್ಯವನ್ನು ಇಲ್ಲಿ ಬಳಸಲೇಬಾರದು.

ಮುಚ್ಚಳವನ್ನು ಮೊದಲ ಎರಡು ಗಂಟೆ ಮುಟ್ಟಬೇಡಿ. ಒಮ್ಮೆ ಎತ್ತಿದರೆ ಒಳಗಿನ ಬಿಸಿ ಹಾರಿಹೋಗಿ, ಅದು ಮತ್ತೆ ತುಂಬಿಕೊಳ್ಳಲು 15ರಿಂದ 20 ನಿಮಿಷ ಬೇಕಾಗುತ್ತದೆ. ಕಲಕುವ ಅಗತ್ಯವೂ ಇಲ್ಲ. ಆರಂಭದಲ್ಲಿ ಕಲಕಿದರೆ ಉಂಡೆಗಳು ಒಡೆಯುತ್ತವೆ.

ಬೆಂದಿದೆಯೇ ಎಂದು ತಿಳಿಯಲು ಥರ್ಮಾಮೀಟರೊಂದೇ ನಂಬಿಕೆಗೆ ಅರ್ಹ. ಉಂಡೆಯ ನಡುಭಾಗ ದನ, ಹಂದಿ, ಕುರಿಯ ಕೈಮಾಕ್ಕೆ 71 ಡಿಗ್ರಿ, ಕೋಳಿಯದಕ್ಕೆ 74 ಡಿಗ್ರಿ ಮುಟ್ಟಿರಬೇಕು. ಮೇಲಿನ ಪದರದ, ಸಾಸಿನಲ್ಲಿ ಪೂರ್ತಿ ಮುಳುಗದ ಉಂಡೆಯನ್ನೇ ಆರಿಸಿ ಅಳೆಯಿರಿ. ಒಳಗಿನ ಬಣ್ಣವನ್ನು ನೋಡಿ ತೀರ್ಮಾನಿಸುವುದು ಸರಿಯಲ್ಲ. ಪೂರ್ತಿ ಬೆಂದ ಕೈಮಾ ಕೆಲವೊಮ್ಮೆ ಗುಲಾಬಿಯಾಗಿಯೇ ಉಳಿಯುತ್ತದೆ, ಬೇಯದ್ದು ಕಂದಾಗಿ ಕಾಣುವುದೂ ಉಂಟು.

ಹಸಿ ಉಂಡೆಗಳನ್ನು ಹುರಿಯದೆಯೇ ಹಾಕಿದ್ದರೆ ‘ಹೈ’ನಲ್ಲಿ ಮೂರು ಗಂಟೆ, ‘ಲೋ’ನಲ್ಲಿ ಐದರಿಂದ ಆರು ಗಂಟೆ ಎಂದು ಲೆಕ್ಕ ಹಾಕಬಹುದು. ಫ್ರೀಜರಿನಲ್ಲಿಟ್ಟ ಉಂಡೆಗಳನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿ, ಪೂರ್ತಿ ಕರಗಿದ ಮೇಲೆ ಬಳಸಿ. ಮಂಜುಗಟ್ಟಿದ ಮಾಂಸವನ್ನು ಕುಕ್ಕರಿಗೆ ಹಾಕಿದರೆ ಅದು ಅಪಾಯದ ವಲಯದಲ್ಲಿ ಕಳೆಯುವ ಹೊತ್ತು ಬಹಳ ಹೆಚ್ಚುತ್ತದೆ.

ಕೊನೆಯ ಮುಕ್ಕಾಲು ಗಂಟೆ

ಈ ಅಡುಗೆ ಸಾಧಾರಣವೋ ಸೊಗಸೋ ಎಂಬುದು ತೀರ್ಮಾನವಾಗುವುದು ಇಲ್ಲಿ. ಕುಕ್ಕರ್ ‘ಲೋ’ನಲ್ಲಿದ್ದರೆ ‘ಹೈ’ಗೆ ತಿರುಗಿಸಿ. ದೊಣ್ಣೆ ಮೆಣಸಿನಕಾಯಿಯನ್ನೂ ಈರುಳ್ಳಿಯನ್ನೂ ಎರಡೂವರೆ ಸೆಂಟಿಮೀಟರಿನ ಚೌಕಗಳಾಗಿ ಹೆಚ್ಚಿ, ಅನಾನಸ್ ಹೋಳುಗಳೊಡನೆ ಮೇಲೆ ಹರಡಿ ಮುಚ್ಚಳ ಹಾಕಿ. ಮುಕ್ಕಾಲು ಗಂಟೆಯಲ್ಲಿ ಇವು ಬಣ್ಣ ಕಳೆದುಕೊಳ್ಳದೆ, ಹಲ್ಲಿಗೆ ತುಸು ಗಟ್ಟಿಯಾಗಿ ಸಿಗುವಂತೆ ಬೇಯುತ್ತವೆ. ಮೊದಲೇ ಹಾಕಿದ್ದರೆ ಹಸಿರು ಮೆಣಸಿನಕಾಯಿ ಮಾಸಿದ ಬಣ್ಣಕ್ಕೆ ತಿರುಗಿ, ಸಿಪ್ಪೆ ಬೇರೆ ತಿರುಳು ಬೇರೆಯಾಗಿರುತ್ತಿತ್ತು.

ಅರ್ಧ ಹೊತ್ತು ಕಳೆದ ಮೇಲೆ ಸಾಸಿನ ಮೇಲೆ ತೇಲುವ ಎಣ್ಣೆಯನ್ನು ಚಪ್ಪಟೆ ಚಮಚದಿಂದ ತೆಗೆಯಿರಿ. ನಂತರ ಕಾರ್ನ್‌ಫ್ಲೋರನ್ನು ಮೂರು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ. ನೀರು ತಣ್ಣಗಿರಲೇಬೇಕು, ಬಿಸಿ ದ್ರವಕ್ಕೆ ಒಣ ಹಿಟ್ಟು ಬಿದ್ದರೆ ಹೊರಪದರ ತಕ್ಷಣ ಬೆಂದು, ಒಳಗೆ ಹಸಿಯಾಗಿರುವ ಗಂಟುಗಳಾಗುತ್ತವೆ. ಈ ಕದಡನ್ನು ಸಾಸಿಗೆ ಸುರಿದು, ಉಂಡೆಗಳು ಒಡೆಯದಂತೆ ಮೆಲ್ಲಗೆ ಬೆರೆಸಿ 20 ನಿಮಿಷ ಬಿಡಬೇಕು. ಕಾರ್ನ್‌ಫ್ಲೋರಿನ ಕಣಗಳು 60 ಡಿಗ್ರಿ ದಾಟಿದ ಮೇಲೆ ಉಬ್ಬಲಾರಂಭಿಸಿದರೂ ಪೂರ್ತಿ ದಪ್ಪವಾಗುವುದು ದ್ರವ ಕುದಿಯ ಹತ್ತಿರ ಬಂದಾಗ. ನಿಮ್ಮ ಕುಕ್ಕರ್ ಅಷ್ಟು ಬಿಸಿಯಾಗುವುದಿಲ್ಲವಾದರೆ ಸಾಸನ್ನು ಬಾಣಲೆಗೆ ಬಗ್ಗಿಸಿ, ಅಲ್ಲಿ ಕದಡನ್ನು ಸೇರಿಸಿ ಒಂದೆರಡು ನಿಮಿಷ ಕುದಿಸಿ, ಮತ್ತೆ ಉಂಡೆಗಳ ಮೇಲೆ ಸುರಿಯುವುದು ಹೆಚ್ಚು ಭರವಸೆಯ ದಾರಿ. ನಾನು ಬಹುತೇಕ ಹೀಗೆಯೇ ಮಾಡುತ್ತೇನೆ, ಸಾಸಿನ ಹೊಳಪು ಇದರಿಂದ ಹೆಚ್ಚುತ್ತದೆ. ಇದನ್ನು ಆರಂಭದಲ್ಲಿಯೇ ಹಾಕಿ ಮುಗಿಸಬಾರದೇ ಎಂದರೆ, ಬಾರದು: ಹುಳಿಯಲ್ಲಿ ಹೆಚ್ಚು ಹೊತ್ತು ಬಿಸಿಯಾದ ಪಿಷ್ಟ ಒಡೆದು, ದಪ್ಪವಾಗಿದ್ದ ಸಾಸ್ ಮತ್ತೆ ನೀರಾಗುತ್ತದೆ.

ಎತ್ತಿಟ್ಟ ವಿನೆಗರನ್ನು ಸೇರಿಸುವುದು ಎಲ್ಲಕ್ಕಿಂತ ಕೊನೆಯಲ್ಲಿ. ವಿನೆಗರಿನ ಅಸಿಟಿಕ್ ಆಮ್ಲ ಬಿಸಿಗೆ ಆವಿಯಾಗುವಂಥದು. ಅದರ ಚುರುಕು ವಾಸನೆ ಗಂಟೆಗಳ ಕಾಲ ಬೆಂದ ಮೇಲೆ ಮಂದವಾಗಿ, ಸಾಸಿನಲ್ಲಿ ಸಿಹಿ ಮುಂದಾಗಿ ನಿಂತಿರುತ್ತದೆ. ಒಂದೊಂದೇ ಚಿಕ್ಕ ಚಮಚ ಹಾಕಿ, ಬೆರೆಸಿ, ರುಚಿ ನೋಡುತ್ತಾ ಹೋಗಿ. ಮೊದಲು ಸಿಹಿ ತಾಗಿ, ನುಂಗುವ ಹೊತ್ತಿಗೆ ದವಡೆಯ ಬದಿಯಲ್ಲಿ ಹುಳಿ ಎಚ್ಚರವಾದರೆ ಹದ ಬಂದಿದೆ ಎಂದು ತಿಳಿಯಬೇಕು. ಎಲ್ಲ 25 ಮಿಲಿಲೀಟರೂ ಬೇಕಾಗದೆ ಹೋಗಬಹುದು. ನೀವು ತಿನ್ನುವ ಬಿಸಿಯಲ್ಲಿಯೇ ರುಚಿ ನೋಡುವುದೂ ಮುಖ್ಯ, ಏಕೆಂದರೆ ನಾಲಗೆ ಸುಡುವಂತಿರುವ ಸಾಸಿನಲ್ಲಿ ರುಚಿಯ ಏರಿಳಿತ ಗೊತ್ತಾಗುವುದಿಲ್ಲ.

ಹುಳಿ ಹೆಚ್ಚಾಗಿಹೋದರೆ ಸಕ್ಕರೆಯನ್ನು ಒಂದೊಂದು ಚಿಕ್ಕ ಚಮಚ ಸೇರಿಸಿ. ಸಕ್ಕರೆ ಹುಳಿಯನ್ನು ತೆಗೆಯುವುದಿಲ್ಲ, ಅದನ್ನು ಮರೆಮಾಚುತ್ತದೆ ಅಷ್ಟೇ. ಆದರೆ ಈ ಅಡುಗೆಗೆ ಅಷ್ಟೇ ಬೇಕಾದದ್ದು. ಅಡುಗೆ ಸೋಡಾ ಹಾಕಿ ಹುಳಿಯನ್ನು ಮುರಿಯಲು ಹೋದರೆ ಸಾಸ್ ನೊರೆಯೆದ್ದು, ಸಾಬೂನಿನ ಛಾಯೆ ಬರುತ್ತದೆ. ಎಲ್ಲವೂ ಸರಿಯಿದ್ದೂ ಸಪ್ಪೆ ಎನಿಸಿದರೆ ಕೊರತೆಯಿರುವುದು ಸಾಮಾನ್ಯವಾಗಿ ಉಪ್ಪಿನದು. ಒಂದು ಚಿಕ್ಕ ಚಮಚ ಸೋಯಾ ಸಾಸ್ ಅದನ್ನು ಸರಿಪಡಿಸುತ್ತದೆ.

ಉಂಡೆಗಳು ಒಡೆದಿದ್ದರೆ ಬಹುಶಃ ಮಿಶ್ರಣ ತೀರ ಒದ್ದೆಯಾಗಿತ್ತು, ಇಲ್ಲವೇ ಬಣ್ಣ ಕೊಡುವ ಹಂತವನ್ನು ಬಿಟ್ಟಿದ್ದಿರಿ; ಹುರಿದಾಗ ಗಟ್ಟಿಯಾಗುವ ಹೊರಪದರವೇ ಅವುಗಳನ್ನು ಹಿಡಿದಿಡುತ್ತದೆ. ಈರುಳ್ಳಿಯನ್ನು ದಪ್ಪವಾಗಿ ಹೆಚ್ಚಿದ್ದರೂ ಅದರ ಅಂಚಿನಲ್ಲಿ ಉಂಡೆ ಬಿರಿಯುತ್ತದೆ.

ಬಡಿಸುವುದು ಮತ್ತು ಉಳಿದದ್ದನ್ನು ಇಡುವುದು

ಅನ್ನದೊಡನೆ ಅಥವಾ ನೂಡಲ್ಸಿನೊಡನೆ ಬಡಿಸಿದರೆ ಇದು ಪೂರ್ಣ ಊಟ; ಕಡ್ಡಿ ಚುಚ್ಚಿ ಒಂದೊಂದಾಗಿ ಕೊಟ್ಟರೆ ತಿಂಡಿ. ಅತಿಥಿಗಳು ಬಿಡಿಬಿಡಿಯಾಗಿ ಬರುವ ದಿನ ಕುಕ್ಕರನ್ನು ‘ವಾರ್ಮ್’ನಲ್ಲಿ ಇಟ್ಟು, ಸಾಸ್ 60 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಎರಡು ಗಂಟೆಯವರೆಗೆ ರುಚಿಯಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಸಾಸ್ ದಪ್ಪವಾಗುತ್ತಾ ಹೋದರೆ ಸ್ವಲ್ಪ ಬಿಸಿನೀರು ಬೆರೆಸಬಹುದು. ಬೇಯುವ ನಡುವೆ ವಿದ್ಯುತ್ ಹೋಗಿ, ನೀವು ಮನೆಯಲ್ಲಿಲ್ಲದೆ, ಎಷ್ಟು ಹೊತ್ತು ನಿಂತಿತ್ತೆಂದು ತಿಳಿಯದಿದ್ದರೆ, ನೋಡಲು ಬೆಂದಂತೆ ಕಂಡರೂ ಅದನ್ನು ಎಸೆಯಬೇಕು. ಮನೆಯಲ್ಲಿಯೇ ಇದ್ದರೆ ತಕ್ಷಣ ಗ್ಯಾಸ್ ಒಲೆಗೆ ವರ್ಗಾಯಿಸಿ ಬೇಯಿಸಿ ಮುಗಿಸಬಹುದು.

ಉಳಿದದ್ದನ್ನು ಪಿಂಗಾಣಿ ಪಾತ್ರೆಯ ಸಮೇತ ಫ್ರಿಜ್ಜಿಗೆ ಇಡುವುದು ಸುಲಭವೆನಿಸಿದರೂ ತಪ್ಪು, ಏಕೆಂದರೆ ಆ ದಪ್ಪ ಪಾತ್ರೆ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆಳವಿಲ್ಲದ ಡಬ್ಬಿಗಳಿಗೆ ಹಂಚಿ, ಕುಕ್ಕರ್ ಆರಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಬಳಸಬಹುದು. ಮಾರನೆಯ ದಿನ ರುಚಿ ಇನ್ನೂ ಹೊಂದಿಕೊಂಡಿರುತ್ತದೆ. ಮತ್ತೆ ಬಿಸಿ ಮಾಡುವಾಗ ಸ್ಲೋ ಕುಕ್ಕರನ್ನು ಬಳಸದೆ, ಒಲೆಯ ಮೇಲೆ ಅಥವಾ ಮೈಕ್ರೊವೇವಿನಲ್ಲಿ 74 ಡಿಗ್ರಿಗೆ ಬೇಗನೆ ತರಬೇಕು.

ಫ್ರೀಜರಿಗೆಂದೇ ಹೆಚ್ಚು ಮಾಡುವವರು ದಪ್ಪಗೊಳಿಸುವ ಹಂತಕ್ಕೆ ಮೊದಲೇ, ಮೆಣಸಿನಕಾಯಿ ಮತ್ತು ಕಾರ್ನ್‌ಫ್ಲೋರ್ ಸೇರಿಸದೆ ಒಂದು ಪಾಲನ್ನು ತೆಗೆದಿಡುವುದು ಜಾಣತನ. ಕಾರ್ನ್‌ಫ್ಲೋರ್ ಹಾಕಿದ ಸಾಸ್ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಟ್ಟು, ಸ್ಪಂಜಿನಂತೆ ಒಡೆದು ಕಾಣುತ್ತದೆ. ತೆಗೆದಿಟ್ಟ ಪಾಲು ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಬೇಕಾದ ದಿನ ಫ್ರಿಜ್ಜಿನಲ್ಲಿ ಕರಗಿಸಿ, ಬಾಣಲೆಯಲ್ಲಿ ಕುದಿಸಿ, ಆಗ ತಾನೇ ಹೆಚ್ಚಿದ ಮೆಣಸಿನಕಾಯಿ, ಕಾರ್ನ್‌ಫ್ಲೋರಿನ ಕದಡು ಮತ್ತು ಒಂದು ಚಮಚ ವಿನೆಗರ್ ಸೇರಿಸಿದರೆ ಹದಿನೈದು ನಿಮಿಷದಲ್ಲಿ ಬಡಿಸಬಹುದು.